ಸಾಕು ಎನ್ನಬೇಕಾದವರು ಯಾರು?

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಅಜ್ಜಿ ಒಂದು ಪ್ರಶ್ನೆ ಕೇಳಿದರು. ನಮ್ಮ ಮನೆ ಇರುವುದು ಕಡಬ ತಾಲೂಕಿನಲ್ಲಿ, ಕುಮಾರಧಾರಾ ಹೊಳೆಯಿಂದ ಹೆಚ್ಚು ದೂರವಿಲ್ಲದ ಒಂದು ಬೈಲಿನಲ್ಲಿ. ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಗೋಣಿಗೆ ತುಂಬುತ್ತಿದ್ದೆವು. ನನ್ನ ಪಿಎಚ್‌ಡಿ ಯಾವುದರ ಬಗ್ಗೆ ಎಂದು ಅಜ್ಜಿಗೆ ಹಲವು ಸಲ ಹೇಳಿದ್ದೇನೆ. ಕಪ್ಪುಕುಳಿ ಎಂಬುದೊಂದು ಆಕಾಶದಲ್ಲಿ ಇದೆ, ಅದರೊಳಗೆ ಹೋದದ್ದು ವಾಪಸು ಬರುವುದಿಲ್ಲ, ಬೆಳಕು ಕೂಡ ಬರುವುದಿಲ್ಲ ಎನ್ನುವಷ್ಟು ಅವರಿಗೆ ಗೊತ್ತು. ಅಂದು ಗೋಣಿಯ ಬಾಯಿ ಹಿಡಿದುಕೊಂಡೇ, "ಅಲ್ಲ ಮಗಾ, ನಿನ್ನ ಆ ಗುಂಡಿಗೆ ಹೊಟ್ಟೆ ತುಂಬುದು ಅಂತ ಉಂಟಾ ಇಲ್ವಾ?" ಎಂದರು.

ನಾನು ನಕ್ಕೆ. ಆದರೆ ಖಗೋಳ ವಿಜ್ಞಾನಿಗಳು ಪ್ರಬಂಧಗಳಲ್ಲಿ ಕೇಳುತ್ತಿರುವುದೂ ಇದೇ ಪ್ರಶ್ನೆ. ಕಪ್ಪುಕುಳಿಯ ಬೆಳವಣಿಗೆಗೆ ಮಿತಿ ಇದೆಯೇ? ಇದ್ದರೆ ಅದು ಎಲ್ಲಿಂದ ಬರುತ್ತದೆ?

ಅದೇ ಹೊತ್ತಿಗೆ ಜಗಲಿಯಲ್ಲಿ ಅಪ್ಪ ಮತ್ತು ಅಣ್ಣ ಇನ್ನೊಂದು ಲೆಕ್ಕದಲ್ಲಿದ್ದರು. ಕೆಳಗಿನ ಮನೆಯ ದೊಡ್ಡಮ್ಮ ತಮ್ಮ ಗದ್ದೆ ಮಾರುವವರಿದ್ದರು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ, ಬೇಸಾಯ ಮಾಡುವವರಿಲ್ಲ. ನಮ್ಮ ಬೈಲಿನಲ್ಲಿ ಉಳಿದಿರುವ ಕೊನೆಯ ಗದ್ದೆ ಅದು. ಉಳಿದವೆಲ್ಲ ಒಂದೊಂದಾಗಿ ಅಡಿಕೆ ತೋಟವಾಗಿವೆ, ನಮ್ಮದೂ ಆಗಿದೆ. ಅದನ್ನು ಕೊಂಡು, ಜೆಸಿಬಿಯಲ್ಲಿ ಗುಡ್ಡೆಯ ಮಣ್ಣು ತಂದು ತುಂಬಿಸಿ, ಅಡಿಕೆ ಹಾಕಬೇಕೆಂಬುದು ಅಣ್ಣನ ಯೋಚನೆ. ಮುಂಗಡಕ್ಕೆ ಸ್ವಲ್ಪ ಹಣ ಕಡಿಮೆ ಬೀಳುತ್ತಿತ್ತು. ಫೆಲೋಶಿಪ್‌ನಲ್ಲಿ ನಾನು ಉಳಿಸಿಟ್ಟ ಹಣ ಬೇಕಿತ್ತು.

ಅಜ್ಜಿಯ ಪ್ರಶ್ನೆಗೂ ಅಣ್ಣನ ಲೆಕ್ಕಕ್ಕೂ ಸಂಬಂಧವಿದೆ ಎಂದು ಆ ದಿನ ನನಗೆ ಅನಿಸಲಿಲ್ಲ. ಆಮೇಲೆ ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಲು ಆಗಲೇ ಇಲ್ಲ.

ಮೊದಲು ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಕಪ್ಪುಕುಳಿ ಎಂದರೆ ಸುತ್ತಲಿನದನ್ನೆಲ್ಲ ಹೀರಿಕೊಳ್ಳುವ ಬಾಯಿ ಎಂದು ಸಿನಿಮಾಗಳು ನಮಗೆ ಕಲಿಸಿವೆ. ಅದು ಹಾಗಿಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿಯನ್ನು ಇಟ್ಟರೆ ಭೂಮಿ ಈಗಿನ ದಾರಿಯಲ್ಲೇ ಸುತ್ತುತ್ತಿರುತ್ತದೆ. ಕತ್ತಲೆ ಆಗುತ್ತದೆ, ಚಳಿ ಆಗುತ್ತದೆ, ಆದರೆ ಯಾರೂ ನಮ್ಮನ್ನು ನುಂಗುವುದಿಲ್ಲ. ಅಷ್ಟು ತೂಕದ ಕಪ್ಪುಕುಳಿಯ ಗಡಿ ಕೇಂದ್ರದಿಂದ ಬರೀ 3 ಕಿಲೋಮೀಟರ್. ಅದನ್ನು ದಾಟಿ ಒಳಹೋದದ್ದು ಮಾತ್ರ ಹೊರಬರುವುದಿಲ್ಲ. ಹಾಗಾಗಿ ಕಪ್ಪುಕುಳಿಯನ್ನು ದುರಾಸೆಯ ಪ್ರತಿಮೆ ಮಾಡುವುದು ಅದಕ್ಕೆ ಅನ್ಯಾಯ. ಅದಕ್ಕೆ ಆಸೆಯೂ ಇಲ್ಲ, ಹಸಿವೂ ಇಲ್ಲ.

ಆದರೆ ಅದಕ್ಕೆ 'ಸಾಕು' ಎಂಬುದೂ ಇಲ್ಲ. ಒಳಗೆ ಬಿದ್ದಷ್ಟೂ ತೂಕ ಹೆಚ್ಚುತ್ತದೆ, ತೂಕ ಹೆಚ್ಚಿದಷ್ಟೂ ಗಡಿ ಹಿಗ್ಗುತ್ತದೆ. 1915ರಲ್ಲಿ ಐನ್‌ಸ್ಟೈನ್ ಕೊಟ್ಟ ಸಮೀಕರಣಗಳಲ್ಲಿ 'ಇಷ್ಟಕ್ಕೆ ನಿಲ್ಲು' ಎನ್ನುವ ಸಂಖ್ಯೆ ಎಲ್ಲೂ ಇಲ್ಲ. ಕಪ್ಪುಕುಳಿಯ ಗಡಿಯ ಮೇಲ್ಮೈ ಎಂದೂ ಕುಗ್ಗದು ಎಂದು 1971ರಲ್ಲಿ ಸ್ಟೀಫನ್ ಹಾಕಿಂಗ್ ತೋರಿಸಿದರು. ಕ್ವಾಂಟಮ್ ನಿಯಮಗಳ ಕಾರಣ ಅದು ಅತಿ ನಿಧಾನವಾಗಿ ಸೋರಬಹುದು ಎಂದು 1974ರಲ್ಲಿ ಅವರೇ ಹೇಳಿದರು ನಿಜ. ಆದರೆ ಸೂರ್ಯನಷ್ಟು ತೂಕದ್ದು ಹಾಗೆ ಸೋರಿ ಮುಗಿಯಲು 1ರ ಮುಂದೆ 67 ಸೊನ್ನೆ ಇಟ್ಟಷ್ಟು ವರ್ಷ ಬೇಕು. ನಮ್ಮ ಲೆಕ್ಕಕ್ಕೆ ಅದು ಸೋರುವುದೇ ಇಲ್ಲ ಎಂದರೂ ನಡೆಯುತ್ತದೆ.

ಎಷ್ಟು ದೊಡ್ಡವು ಸಿಕ್ಕಿವೆ? ನಮ್ಮ ಕ್ಷೀರಪಥದ ನಡುವೆ ಇರುವುದು ಸುಮಾರು 40 ಲಕ್ಷ ಸೂರ್ಯರ ತೂಕದ್ದು. 2019ರ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲೆಲ್ಲ ಬಂದ, ಕೆಂಡದ ಬಳೆಯಂಥ ಆ ಮೊದಲ ಚಿತ್ರ ಎಂ87 ಗೆಲಾಕ್ಸಿಯದ್ದು. ಅಲ್ಲಿರುವುದು ಸುಮಾರು 650 ಕೋಟಿ ಸೂರ್ಯರ ತೂಕದ್ದು. ಟಾನ್ 618 ಎಂಬ ಕ್ವೇಸಾರ್‌ನ ನಡುವೆ ಇರುವುದನ್ನು 4000 ಕೋಟಿಯಿಂದ 6600 ಕೋಟಿ ಸೂರ್ಯರಷ್ಟು ಎಂದು ಅಂದಾಜು ಮಾಡಿದ್ದಾರೆ. ಅದಕ್ಕಿಂತ ತೀರಾ ದೊಡ್ಡದು, ಅಂದರೆ ಅದರ ನೂರು ಪಟ್ಟು, ಸಾವಿರ ಪಟ್ಟಿನದು ಯಾಕೆ ಕಾಣಿಸುತ್ತಿಲ್ಲ? ಸಮೀಕರಣದಲ್ಲಿ ಇಲ್ಲದ ಮಿತಿ ಆಕಾಶದಲ್ಲಿ ಇರುವಂತಿದೆ.

ಆ ಮಿತಿ ಕಪ್ಪುಕುಳಿಯ ಒಳಗಿನದಲ್ಲ, ಅದರ ಊಟದ್ದು. ಸುತ್ತಲಿನ ಅನಿಲ ನೇರವಾಗಿ ಒಳಗೆ ಬೀಳುವುದಿಲ್ಲ. ತಟ್ಟೆಯ ಆಕಾರದಲ್ಲಿ ಸುತ್ತುತ್ತ, ಪದರಕ್ಕೆ ಪದರ ಉಜ್ಜಿ, ಬಿಸಿಯಾಗಿ, ಹೊಳೆಯುತ್ತ ನಿಧಾನವಾಗಿ ಇಳಿಯುತ್ತದೆ. ಸೂರ್ಯನೊಳಗೆ ಜಲಜನಕ ಹೀಲಿಯಂ ಆಗುವಾಗ ದ್ರವ್ಯದ ಶೇಕಡಾ 0.7ರಷ್ಟು ಮಾತ್ರ ಶಕ್ತಿಯಾಗುತ್ತದೆ. ಈ ತಟ್ಟೆಯಲ್ಲಿ ಸುಮಾರು ಶೇಕಡಾ 10. ಬೆಳಕಿಗೆ ತಳ್ಳುವ ಗುಣವಿದೆ. ಊಟ ಜೋರಾದಷ್ಟೂ ಬೆಳಕು ಜೋರು, ಬೆಳಕು ಜೋರಾದಷ್ಟೂ ಅದು ಹಿಂದೆ ಬರುತ್ತಿರುವ ಅನಿಲವನ್ನು ದೂರ ತಳ್ಳುತ್ತದೆ. ಎಳೆತ ಮತ್ತು ತಳ್ಳಾಟ ಸಮವಾಗುವ ಜಾಗಕ್ಕೆ ಎಡಿಂಗ್ಟನ್ ಮಿತಿ ಎಂದು ಹೆಸರು. ಆರ್ಥರ್ ಎಡಿಂಗ್ಟನ್ ಇದನ್ನು ಮೊದಲು ನಕ್ಷತ್ರಗಳಿಗಾಗಿ ಲೆಕ್ಕ ಹಾಕಿದ್ದು. ಈ ಮಿತಿಯಲ್ಲಿ ಉಂಡರೆ ಕಪ್ಪುಕುಳಿಯ ತೂಕ ದುಪ್ಪಟ್ಟಾಗಲು ಸುಮಾರು 3ರಿಂದ 4 ಕೋಟಿ ವರ್ಷ ಬೇಕು.

ಇದು ವೇಗದ ಮಿತಿಯೇ ಹೊರತು ಗಾತ್ರದ್ದಲ್ಲ. ಆ ವೇಗವನ್ನೂ ಎಲ್ಲವೂ ಪಾಲಿಸಿದಂತೆ ಕಾಣುವುದಿಲ್ಲ. ವಿಶ್ವಕ್ಕೆ 70 ಕೋಟಿ ವರ್ಷವೂ ತುಂಬದಿದ್ದಾಗಲೇ 80 ಕೋಟಿ ಸೂರ್ಯರಷ್ಟು ಬೆಳೆದಿದ್ದ ಕಪ್ಪುಕುಳಿಯೊಂದು ಸಿಕ್ಕಿದೆ. ಒಂದೋ ಅದು ಹುಟ್ಟುವಾಗಲೇ ದೊಡ್ಡದಿತ್ತು, ಇಲ್ಲವೇ ಕೆಲಕಾಲ ಮಿತಿ ಮೀರಿ ಉಂಡಿತು. ಗಾತ್ರದ ಪ್ರಶ್ನೆಯನ್ನು 2009ರ ಹೊತ್ತಿಗೆ ಪ್ರಿಯಂವದಾ ನಟರಾಜನ್ ಮತ್ತು ಎಝೆಕ್ವಿಯೆಲ್ ಟ್ರೈಸ್ಟರ್ ಎತ್ತಿದರು: ಕಪ್ಪುಕುಳಿ ಒಂದು ಹಂತ ಮುಟ್ಟಿದಾಗ ತನ್ನ ಊಟವನ್ನು ತಾನೇ ಊದಿ ಓಡಿಸುತ್ತದೆ, ಹಾಗಾಗಿ ಸುಮಾರು 1000 ಕೋಟಿ ಸೂರ್ಯರ ಆಸುಪಾಸಿನಲ್ಲಿ ಬೆಳವಣಿಗೆ ಕುಂಟಬೇಕು. 2016ರಲ್ಲಿ ಆಂಡ್ರ್ಯೂ ಕಿಂಗ್ ಇನ್ನೊಂದು ದಾರಿಯಿಂದ ಬಂದರು. ಕಪ್ಪುಕುಳಿ ಸುಮಾರು 5000 ಕೋಟಿ ಸೂರ್ಯರಷ್ಟಾದಾಗ ಅದರ ಸುತ್ತ ಅನಿಲದ ತಟ್ಟೆಯೇ ನಿಲ್ಲದು. ತಟ್ಟೆ ತನ್ನದೇ ಭಾರಕ್ಕೆ ಒಡೆದು ನಕ್ಷತ್ರಗಳಾಗಿಬಿಡುತ್ತದೆ. ಆಮೇಲೂ ಅದು ಯಾವುದೋ ನಕ್ಷತ್ರವನ್ನು ಇಡಿಯಾಗಿ ನುಂಗಬಹುದು, ಇನ್ನೊಂದು ಕಪ್ಪುಕುಳಿಯೊಂದಿಗೆ ಸೇರಬಹುದು. ಆದರೆ ಹೊಳೆಯುತ್ತ ಉಣ್ಣುವ ಕಾಲ ಮುಗಿಯಿತು.

ಸೇರುವುದು ಎಂದಾಗ ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರನ್ನು ನೆನೆಯಬೇಕು. ಕಲಕಿದ ಕಪ್ಪುಕುಳಿ ಹೊಡೆದ ಗಂಟೆಯ ಹಾಗೆ ಕಂಪಿಸಿ, ಆಮೇಲೆ ಸುಮ್ಮನಾಗುತ್ತದೆ ಎಂದು ಅವರು 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. 2016ರ ಫೆಬ್ರವರಿಯಲ್ಲಿ ಗುರುತ್ವ ಅಲೆಗಳು ಸಿಕ್ಕ ಸುದ್ದಿ ಬಂದಾಗ ಅವರು ಇದ್ದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು. ಆ ಘಟನೆಯಲ್ಲಿ ಸುಮಾರು 36 ಮತ್ತು 29 ಸೂರ್ಯರ ತೂಕದ ಎರಡು ಕಪ್ಪುಕುಳಿಗಳು ಕೂಡಿ 62ರದ್ದು ಒಂದಾಯಿತು. ಉಳಿದ 3 ಸೂರ್ಯರಷ್ಟು ಅಲೆಯಾಗಿ ಹೊರಗೆ ಹೋಯಿತು. ಕಪ್ಪುಕುಳಿಗೂ ಕೂಡಿ ಬೆಳೆಯುವಾಗ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.

ಹಾಗಾದರೆ ಅಜ್ಜಿಯ ಪ್ರಶ್ನೆಗೆ ಉತ್ತರ ಏನು? ನಾಲ್ಕು ದಿನ ಬಿಟ್ಟು ಹೇಳಿದೆ: "ಹೊಟ್ಟೆ ತುಂಬುದಿಲ್ಲ ಅಜ್ಜಿ. ಸುತ್ತಮುತ್ತ ಊಟ ಮುಗೀತದೆ, ಅಷ್ಟೆ." ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಸುತ್ತಮುತ್ತ ಇದ್ದವರ ಗತಿ ಎಂತದು?" ಎಂದರು.

ಇದು ಮೊದಲಿನದಕ್ಕಿಂತ ಕಷ್ಟದ ಪ್ರಶ್ನೆ. ಖಗೋಳದಲ್ಲಿ ಇದಕ್ಕೂ ಉತ್ತರವಿದೆ. ಪರ್ಸಿಯಸ್ ಎಂಬ ಗೆಲಾಕ್ಸಿ ಗುಚ್ಛದ ನಡುವಿನ ಬಿಸಿ ಅನಿಲದಲ್ಲಿ ದೊಡ್ಡ ದೊಡ್ಡ ಪೊಟರೆಗಳನ್ನು ಚಂದ್ರಾ ದೂರದರ್ಶಕ ನೋಡಿದೆ. ಅಲ್ಲಿನ ಕಪ್ಪುಕುಳಿ ಉಣ್ಣುವಾಗ ಹೊಮ್ಮಿದ ಶಕ್ತಿ ಅನಿಲವನ್ನು ಬಗೆದು ಮಾಡಿದ ಪೊಟರೆಗಳು ಅವು. ಅನಿಲ ಬಿಸಿಯಾಗಿಯೇ ಉಳಿದರೆ ತಣಿದು, ಕುಸಿದು, ಹೊಸ ನಕ್ಷತ್ರವಾಗುವುದಿಲ್ಲ. ಉಂಡದ್ದು ನಡುವೆ ಇರುವ ಒಂದು. ಹುಟ್ಟದೇ ಹೋದದ್ದು ಸುತ್ತಲಿನ ಸಾವಿರಾರು. ಮಿತಿ ಬಂತು ನಿಜ, ಆದರೆ ಅದರ ಬೆಲೆ ತೆತ್ತದ್ದು ಉಂಡವನಲ್ಲ. ಆಕಾಶದಲ್ಲಿ ಇದು ಅನ್ಯಾಯವಲ್ಲ, ಅಲ್ಲಿ ಯಾರೂ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ. ನಮ್ಮ ಬೈಲಿನಲ್ಲಿ ಹಾಗೆ ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಕೆಳಗಿನ ಮನೆಯ ಆ ಗದ್ದೆ ಮಳೆಗಾಲವಿಡೀ ನೀರು ನಿಲ್ಲಿಸಿಕೊಳ್ಳುತ್ತದೆ. ಆ ನೀರು ಇಂಗಿ, ಅದರ ಕೆಳಗಿನ ನಾಲ್ಕಾರು ಮನೆಗಳ ಬಾವಿಗಳಿಗೆ ಇಳಿಯುತ್ತದೆ. ಅಡಿಕೆಗೆ ಬುಡದಲ್ಲಿ ನೀರು ನಿಲ್ಲಬಾರದು. ಮಣ್ಣು ತುಂಬಿಸಿ, ಕಣಿ ತೆಗೆದು, ಮಳೆಯ ನೀರನ್ನು ಬೇಗ ತೋಡಿಗೆ ಬಿಡಬೇಕು. ಬೇಸಿಗೆಯಲ್ಲಿ ಕೊಳವೆಬಾವಿಯಿಂದ ಅದೇ ನೀರನ್ನು ಮೇಲೆತ್ತಿ ಕೊಡಬೇಕು. ಬೈಲಿನ ಮೇಲ್ಗಡೆಯ ಗದ್ದೆಗಳು ತೋಟವಾದ ಮೇಲೆ ನಮ್ಮದೇ ಬಾವಿ ಮಾರ್ಚ್‌ನಲ್ಲಿ ತಳ ಕಾಣುತ್ತಿದೆ. ನಾವು ಕೊಳವೆಬಾವಿ ಕೊರೆಸಿದೆವು. ಕೆಳಗಿನವರು ಕೊರೆಸುತ್ತಾರೋ ಇಲ್ಲವೋ ಎಂದು ನಾವು ಕೇಳಲಿಲ್ಲ.

ಇದನ್ನು ಅಣ್ಣನಿಗೆ ಹೇಳಿದೆ. ಹೇಳುವಾಗ ಕಪ್ಪುಕುಳಿಯ ಉದಾಹರಣೆಯನ್ನೂ ಕೊಟ್ಟೆ. ಕೊಡಬಾರದಿತ್ತು. ಅಣ್ಣ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು, "ನಿನಗೆ ತಿಂಗಳಿಗೆ ಸರಿಯಾಗಿ ಹಣ ಬರ್ತದೆ, ನೀನು ಮಿತಿಯ ವಿಷಯ ಮಾತಾಡ್ಬಹುದು. ಅಜ್ಜ ಗೇಣಿ ಅಳೆಯುವಾಗ ಯಾರು ಬಂದು ಧನಿಗಳಿಗೆ ಮಿತಿ ಹೇಳಿದ್ರು? ನಮ್ಮ ಸರದಿ ಬಂದಾಗ ಮಾತ್ರ ಆಕಾಶ ನೋಡಿ ಪಾಠ ಹೇಳ್ತೀಯಾ?" ಎಂದ.

ಅಣ್ಣ ಹೇಳಿದ್ದರಲ್ಲಿ ಹುರುಳಿದೆ. ಅಜ್ಜ ಗೇಣಿ ಒಕ್ಕಲು. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಫಾರಂ ಏಳು ಹಾಕಿದವರಲ್ಲಿ ಅವರೂ ಒಬ್ಬರು. ನಮ್ಮಲ್ಲಿ ಈಗಲೂ ಅದನ್ನು ಡಿಕ್ಲರೇಶನ್ ಎನ್ನುತ್ತಾರೆ. ಡಿಕ್ಲರೇಶನ್ ಕೊಟ್ಟ ರಾತ್ರಿ ಅಜ್ಜ ಧನಿಗಳಿಗೆ ಹೆದರಿ ನಿದ್ದೆ ಮಾಡಲಿಲ್ಲ ಎಂದು ಅಜ್ಜಿ ಹೇಳುತ್ತಾರೆ. ಆ ಕಾನೂನು ಉಳುವವನಿಗೆ ಭೂಮಿ ಕೊಟ್ಟಿತು, ಜೊತೆಗೆ ಒಂದು ಕುಟುಂಬ ಇಷ್ಟೇ ಇಟ್ಟುಕೊಳ್ಳಬೇಕೆಂದು ಭೂಮಿತಿಯನ್ನೂ ಹೇಳಿತು. ಒಬ್ಬರ ಬೆಳವಣಿಗೆಗೆ ಮಿತಿ ಹಾಕದೆ ಇನ್ನೊಬ್ಬರು ಬೆಳೆಯಲು ಆಗುತ್ತಿರಲಿಲ್ಲ. ಅಂದು ಧನಿಗಳು ತಾವಾಗಿ 'ಸಾಕು' ಎನ್ನಲಿಲ್ಲ, ಕಾನೂನು ಹೇಳಿಸಿತು. ಹಾಗಾಗಿ ತುಂಬಿದ ಹೊಟ್ಟೆಯವರು ಹಸಿದವರಿಗೆ ಮಿತಿಯ ಉಪದೇಶ ಮಾಡಿದಾಗ ಕೇಳುವವರಿಗೆ ಸಿಟ್ಟು ಬರುವುದು ಸಹಜ. ಬೆಳೆಯುವುದೇ ತಪ್ಪು ಎನ್ನುವ ವಾದ ಅಜ್ಜನ ಎದುರು ನಿಲ್ಲುವುದಿಲ್ಲ.

ಆಗ ನನಗೆ ಪುತ್ತೂರಿನ ಕಥೆ ನೆನಪಾಯಿತು. ಕಡಬ ತಾಲೂಕಾಗುವ ಮೊದಲು ನಮಗೆ ತಾಲೂಕು ಕೇಂದ್ರ ಪುತ್ತೂರು. ಪಿಯುಸಿ ಓದಿದ್ದೂ ಅಲ್ಲೇ. ಮಹಾಲಿಂಗೇಶ್ವರ ದೇವಸ್ಥಾನದ ಐತಿಹ್ಯವನ್ನು ಅಲ್ಲಿ ಓದಿದವರೆಲ್ಲ ಕೇಳಿರುತ್ತಾರೆ. ನೆಲ ಹಿಡಿದ ಲಿಂಗವನ್ನು ಕೀಳಿಸಲು ಅರಸ ಆನೆ ಕಟ್ಟಿ ಎಳೆಸಿದ. ಲಿಂಗ ಬೆಳೆಯಿತು, ಆನೆ ಛಿದ್ರವಾಯಿತು. ಆನೆಯ ಕೊಂಬು ಬಿದ್ದ ಜಾಗ ಕೊಂಬೆಟ್ಟು ಆಯಿತಂತೆ. ಆ ದೇವಸ್ಥಾನಕ್ಕೆ ಆನೆ ತರುವುದಿಲ್ಲ ಎನ್ನುವುದಕ್ಕೆ ಇದೇ ಕಾರಣ ಹೇಳುತ್ತಾರೆ. ಕಥೆಯಲ್ಲಿ ನನ್ನ ಗಮನ ಸೆಳೆದದ್ದು ಬೆಳವಣಿಗೆಯ ಬಗೆ. ಕಿತ್ತು ಹಾಕಲು ಬಂದವನ ಎದುರು, ಇದ್ದಲ್ಲೇ ಉಳಿಯುವುದಕ್ಕಾಗಿ ಬೆಳೆದದ್ದು ಅದು. ಅಜ್ಜ ಬೆಳೆದದ್ದು ಹಾಗೆ. ಸುತ್ತಲಿನದನ್ನು ಎಳೆದುಕೊಂಡು ಬೆಳೆಯುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಬೆಳವಣಿಗೆಯೇ. ಅಜ್ಜನ ಒಂದೂವರೆ ಎಕರೆಯಿಂದ ನಮ್ಮ ಈಗಿನ ಸ್ಥಿತಿಗೆ ಬರುವಾಗ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಕೇಳಿದರೆ ನನಗೆ ಗೆರೆ ಎಳೆದು ತೋರಿಸಲು ಬರುವುದಿಲ್ಲ. ಬಹುಶಃ ಕೊಳವೆಬಾವಿ ಕೊರೆಸಿದ ವರ್ಷ.

ನನ್ನ ವಿಷಯವೂ ಇದೆ. ಒಂದು ಪ್ರಬಂಧ ಪ್ರಕಟವಾದರೆ ಎರಡನೆಯದು ಬೇಕು, ಎರಡಾದರೆ ಐದು. ನಮ್ಮ ಸಂಶೋಧನಾ ಲೋಕದಲ್ಲಿ 'ಸಾಕು' ಎಂದವರನ್ನು ನಾನು ನೋಡಿಲ್ಲ. ಎಡಿಂಗ್ಟನ್ ಅವರನ್ನೇ ನೋಡಿ. ಹತ್ತೊಂಬತ್ತು ವಯಸ್ಸಿನ ಚಂದ್ರಶೇಖರ್ 1930ರಲ್ಲಿ ಇಂಗ್ಲೆಂಡಿನ ಹಡಗಿನಲ್ಲಿ ಕುಳಿತು ಒಂದು ಮಿತಿಯನ್ನು ಲೆಕ್ಕ ಹಾಕಿದರು: ಉರಿದು ಮುಗಿದ ನಕ್ಷತ್ರ ಸುಮಾರು 1.4 ಸೂರ್ಯರಿಗಿಂತ ಭಾರವಿದ್ದರೆ ಬಿಳಿ ಕುಬ್ಜವಾಗಿ ತಣ್ಣಗೆ ಕೂರಲಾರದು, ಕುಸಿಯಬೇಕು. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯಲ್ಲಿ ಎಡಿಂಗ್ಟನ್ ಎಲ್ಲರೆದುರು ಅದನ್ನು ತಳ್ಳಿಹಾಕಿದರು. ತಾನೇ ಒಂದು ಮಿತಿಯನ್ನು ಕಂಡುಕೊಂಡ ಮನುಷ್ಯ ಇನ್ನೊಬ್ಬರು ತೋರಿಸಿದ ಮಿತಿಯನ್ನು ಒಪ್ಪಲಿಲ್ಲ. ಪರ್ಸಿಯಸ್‌ನ ಪೊಟರೆಗಳನ್ನು ಕಂಡ ದೂರದರ್ಶಕಕ್ಕೆ ಇಟ್ಟಿರುವುದು ಆ ಚಂದ್ರಶೇಖರ್ ಅವರ ಹೆಸರು.

ಮಿತಿ ಹೇಗೂ ಹೊರಗಿನಿಂದ ಬರುತ್ತದಲ್ಲ, ಬಂದಾಗ ನೋಡಿಕೊಳ್ಳೋಣ ಎನ್ನುವವರಿದ್ದಾರೆ. ಅವರು ಒಮ್ಮೆ ಸುಳ್ಯಕ್ಕೆ ಹೋಗಿ ಬರಬೇಕು. ಸಂಪಾಜೆ, ಅರಂತೋಡು, ತೊಡಿಕಾನದ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಖಾಲಿ ಮಾಡಿದೆ. ಕಣ್ಣಿಗೆ ಕಾಣದ ಫೈಟೋಪ್ಲಾಸ್ಮಾ ಎಂಬ ಜೀವಿಯಿಂದ ಬರುವ, ರಸ ಹೀರುವ ಕೀಟದಿಂದ ಹರಡುವ ಈ ರೋಗಕ್ಕೆ ಮದ್ದು ಸಿಕ್ಕಿಲ್ಲ. ಆ ಕಡೆ ನಮ್ಮ ಅತ್ತೆಯ ಮನೆ ಇದೆ. ಅರ್ಧ ಎಕರೆ ತೋಟ ಇತ್ತು. ಈಗ ತಲೆ ಬೋಳಾದ ನಾಲ್ಕು ಮರ ಇವೆ, ಮಾವ ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ರೋಗ ದುರಾಸೆಗೆ ಸಿಕ್ಕ ಶಿಕ್ಷೆ ಎಂದು ನಾನು ಹೇಳುತ್ತಿಲ್ಲ. ಅತ್ತೆಯವರು ಯಾರ ಪಾಲನ್ನೂ ಉಂಡವರಲ್ಲ. ಹೊರಗಿನಿಂದ ಬರುವ ಮಿತಿಯ ತೊಂದರೆಯೇ ಅದು: ಹೆಚ್ಚು ಉಂಡವರು ಯಾರು, ಕಡಿಮೆ ಉಂಡವರು ಯಾರು ಎಂದು ಅದು ನೋಡುವುದಿಲ್ಲ. ಹತ್ತು ಎಕರೆಯವರು ರಬ್ಬರಿಗೆ ಹೋದರು. ಅರ್ಧ ಎಕರೆಯವರಿಗೆ ಹೋಗಲು ಜಾಗವಿರಲಿಲ್ಲ.

ನಮ್ಮ ಕಡೆ ಊಟದ ಪಂಕ್ತಿಯಲ್ಲಿ ಬಡಿಸುವವರು 'ಸಾಕು' ಎನ್ನುವಂತಿಲ್ಲ. ಅದು ಮರ್ಯಾದೆ ಅಲ್ಲ. ಉಣ್ಣುವವರೇ ಎಲೆಯ ಮೇಲೆ ಕೈ ಅಡ್ಡ ಹಿಡಿದು ಹೇಳಬೇಕು. ಹೇಳದಿದ್ದರೆ ಬಡಿಸುತ್ತಾರೆ, ಕೊನೆಯ ಪಂಕ್ತಿಯವರಿಗೆ ಪಾಯಸ ಮುಗಿದಿರುತ್ತದೆ. ನೆಲ, ನೀರು ಕೂಡ ಬಡಿಸುವವರ ಹಾಗೆಯೇ. ಅವು ತಾವಾಗಿ 'ಸಾಕು' ಎನ್ನುವುದಿಲ್ಲ. ಕಪ್ಪುಕುಳಿಗೆ ಅಡ್ಡ ಹಿಡಿಯಲು ಕೈ ಇಲ್ಲ, ಹಾಗಾಗಿ ಅದನ್ನು ದೂರುವಂತಿಲ್ಲ. ನಮಗೆ ಇದೆ. ನಮ್ಮ ಬೆಳವಣಿಗೆಗೆ ಮಿತಿ ಇದೆಯೇ ಎಂದು ಕೇಳಿದರೆ, ಇದೆ, ಯಾವತ್ತೂ ಇರುತ್ತದೆ. ಅದು ನಮ್ಮ ಬಾಯಿಂದ ಬರುತ್ತದೋ, ಇಲ್ಲ ಕೊನೆಯ ಪಂಕ್ತಿಯವರ ಖಾಲಿ ಎಲೆಯಿಂದ ಗೊತ್ತಾಗುತ್ತದೋ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

ಹಣ ಕೊಟ್ಟೆ. ದೊಡ್ಡಮ್ಮನಿಗೆ ಮಾರಲೇಬೇಕಿತ್ತು, ನಾವಲ್ಲದಿದ್ದರೆ ಬೇರೆ ಯಾರಾದರೂ ಕೊಂಡು ಮಣ್ಣು ತುಂಬಿಸುತ್ತಿದ್ದರು. ಕೊಡುವಾಗ ಒಂದು ಮಾತು ಕೇಳಿದೆ: ಮೂರು ಮಳೆಗಾಲ ಮಣ್ಣು ತುಂಬಿಸುವುದು ಬೇಡ, ಏಣೆಲು ಬೆಳೆ ಮಾಡಿ ನೋಡುವ, ನಷ್ಟ ಬಂದರೆ ನನ್ನ ಲೆಕ್ಕಕ್ಕೆ. ಅಣ್ಣ ಬಹಳ ಹೊತ್ತು ಅಡಿಕೆ ಸುಲಿಯುತ್ತಲೇ ಇದ್ದ. ಆಮೇಲೆ, "ಮೂರು ಅಲ್ಲ, ಎರಡು" ಎಂದ.

ಎರಡಕ್ಕೆ ಒಪ್ಪಿದ್ದೇನೆ. ಮೂರನೆಯ ವರ್ಷ ಏನಾಗುತ್ತದೆ ಎಂದು ಗೊತ್ತಿಲ್ಲ; ಅಷ್ಟರಲ್ಲಿ ನನ್ನ ಫೆಲೋಶಿಪ್ ಮುಗಿದಿರುತ್ತದೆ, ನಷ್ಟ ತುಂಬಲು ಕೈಯಲ್ಲಿ ಹಣ ಇರುವುದೂ ಸಂಶಯ. ಮೊನ್ನೆ ಅಣ್ಣ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳುಹಿಸಿದ. ಗದ್ದೆಯಲ್ಲಿ ನೀರು ನಿಂತಿತ್ತು, ಹುಣಿಯ ಮೇಲೆ ಅಜ್ಜಿ ಕೊಡೆ ಹಿಡಿದು ನಿಂತಿದ್ದರು. ಕೆಳಗೆ ಒಂದೇ ಸಾಲು: ನಾಟಿಗೆ ಜನ ಸಿಗುತ್ತಿಲ್ಲ, ನೀನು ಬರ್ತೀಯಾ?